ಅರಬಿಯಲ್ಲಿ ಯಾವುದು ಹೇಗೆ ಹಾಳಾಗುತ್ತದೆ

ಅರಬಿ ಪಠ್ಯವನ್ನು ಕನ್ನಡಕ್ಕೆ ತರುವಾಗ ‘ಕೊಳೆಯುವುದು’ ಎಂಬ ಒಂದೇ ಕ್ರಿಯಾಪದವನ್ನು ನೆಚ್ಚಿಕೊಂಡವರು ಬೇಗನೆ ಎಡವುತ್ತಾರೆ, ಏಕೆಂದರೆ ಅಲ್ಲಿ ಹಾಳಾಗುತ್ತಿರುವ ವಸ್ತು ಯಾವುದೆಂಬುದಕ್ಕೆ ತಕ್ಕಂತೆ ಧಾತುವೇ, ಅಂದರೆ ಪದಗಳು ಹುಟ್ಟುವ ಮೂರು ವ್ಯಂಜನಗಳ ಮೂಲವೇ, ಬೇರೆಯಾಗುತ್ತದೆ. ಉಟ್ಟು ಜೀರ್ಣವಾದ ಬಟ್ಟೆಗೆ ಬ-ಲ-ಯ, ಬೂಸಲು ಹಿಡಿದ ಪದಾರ್ಥಕ್ಕೆ ಅ-ಫ-ನ, ಒಳಗೆ ಟೊಳ್ಳುಬಿದ್ದ ಮೂಳೆಗೆ ನ-ಖ-ರ. ಹಲ್ಲು ಹಾಳಾಗುವುದನ್ನು ನುಸಿಹುಳುವಿನ ಹೆಸರಾದ ‘ಸೂಸ್’ನಿಂದ ‘ತಸವ್ವುಸ್’ ಎನ್ನುತ್ತಾರೆ. ನಮ್ಮ ‘ಹುಳುಕು ಹಲ್ಲು’ ಇದಕ್ಕೆ ಸರಿಸಾಟಿಯಾದ ಮಾತು.

ಫ-ಸ-ದ ಧಾತುವಿನ ವ್ಯಾಪ್ತಿ ದೊಡ್ಡದು. ಅಡುಗೆ ಕೆಟ್ಟರೂ ಆಡಳಿತ ಕೆಟ್ಟರೂ ಅದೇ ಬರುತ್ತದೆ. ಇಸ್ಲಾಮೀ ಕಾನೂನಿನ ಪಂಥಗಳಲ್ಲೊಂದಾದ ಹನಫಿ ನ್ಯಾಯಶಾಸ್ತ್ರವು ಮೂಲದಲ್ಲಿ ಸರಿಯಿದ್ದು ಯಾವುದೋ ಷರತ್ತಿನಿಂದ ಕೆಟ್ಟ ಕರಾರನ್ನು ‘ಫಾಸಿದ್’ ಎಂದು ಕರೆದು, ಮೂಲದಲ್ಲೇ ಅಸಿಂಧುವಾದ ‘ಬಾತಿಲ್’ ಕರಾರಿನಿಂದ ಅದನ್ನು ಬೇರ್ಪಡಿಸುತ್ತದೆ. ಎರಡನ್ನೂ ‘ರದ್ದು’ ಎಂದು ಅನುವಾದಿಸಿದರೆ ವಾದದ ತಿರುಳೇ ಹೋಗುತ್ತದೆ.

ನಮಗೆ ಪರಿಚಿತವಾದ ಪದಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪಹಣಿಯ ‘ಖರಾಬು’ ಸಾಗುವಳಿಗೆ ಒದಗದ, ಅಥವಾ ದಾರಿ, ಹಳ್ಳಗಳಿಗೆ ಬಿಟ್ಟ ಭೂಮಿ. ಅರಬಿಯ ‘ಖರಾಬ್’ ಆದರೋ ಜನವಸತಿಗೆ ವಿರುದ್ಧವಾದ ಸ್ಥಿತಿ, ಊರು ಪಾಳುಬಿದ್ದ ಸ್ಥಿತಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸಮೃದ್ಧವಾದದ್ದು ರ-ಮ-ಮ. ಕುರ್‌ಆನಿನ 36ನೇ ಅಧ್ಯಾಯದ 78ನೇ ವಚನದಲ್ಲಿ ಶಿಥಿಲವಾದ ಮೂಳೆಗಳನ್ನು ‘ರಮೀಮ್’ ಎನ್ನಲಾಗಿದೆ. ‘ರುಮ್ಮ’ ಎಂದರೆ ಸವೆದ ಹಗ್ಗದ ತುಂಡು. ಉಮಯ್ಯದ್ ಖಲೀಫರ ಕಾಲದ ಅರಬಿ ಕವಿ ದುರ್ರುಮ್ಮನ (‘ಹಗ್ಗದ ತುಂಡಿನವನು’) ಅಡ್ಡಹೆಸರು ಅದರಿಂದಲೇ ಬಂದದ್ದು. ಆದರೆ ನಮ್ಮ ಕೆರೆ, ಕಟ್ಟಡಗಳ ‘ಮರಾಮತ್ತು’ ಕೂಡ ಇದೇ ಮೂರು ಅಕ್ಷರಗಳ ಕುಡಿ, ಮತ್ತು ಅಲ್ಲಿ ಅರ್ಥ ದುರಸ್ತಿ! ಹತ್ತನೇ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಇವುಗಳನ್ನು ಬಲವಂತವಾಗಿ ಒಂದುಗೂಡಿಸದೆ, ಸರಿಪಡಿಸುವುದು ಮತ್ತು ಜೀರ್ಣವಾಗುವುದು ಪರಸ್ಪರ ವಿರುದ್ಧವಾದ ಎರಡು ಮೂಲಾರ್ಥಗಳೆಂದು ಸ್ಪಷ್ಟವಾಗಿ ದಾಖಲಿಸಿದ. ಒಂದು ಧಾತುವಿಗೆ ಒಂದೇ ಅರ್ಥವೆಂದು ಕಲಿಸುವ ಪಾಠಗಳಿಗಿಂತ ಆತನ ಈ ಪ್ರಾಮಾಣಿಕತೆಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಮೂಳೆ ಜೀರ್ಣವಾಗುವುದು ‘ಯರಿಮ್ಮು’, ಕಟ್ಟಡವನ್ನು ದುರಸ್ತಿ ಮಾಡುವುದು ‘ಯರುಮ್ಮು’. ವ್ಯತ್ಯಾಸವಿರುವುದು ಒಂದು ಹ್ರಸ್ವ ಸ್ವರದಲ್ಲಿ ಮಾತ್ರ. ಸಾಮಾನ್ಯ ಮುದ್ರಣದಲ್ಲಿ ಆ ಸ್ವರಚಿಹ್ನೆಯೂ ಇರುವುದಿಲ್ಲವಾದ್ದರಿಂದ, ನಿಘಂಟನ್ನು ತೆರೆಯುವ ಮೊದಲು ವಾಕ್ಯದ ಕರ್ತೃ ಮೂಳೆಯೋ ಮೇಸ್ತ್ರಿಯೋ ಎಂದು ನೋಡಿಕೊಳ್ಳಬೇಕು.