ಹಸುವಿನ ಹೊಟ್ಟೆ ಫೋಟೋ ಕಳಿಸಬೇಡಿ

ಪ್ರಶ್ನೆ: ಹಸುವಿನ ಫೋಟೋ ನೋಡಿ ಅದರ ಮೈ ಹೇಗಿದೆ ಅಂತ ಕಂಪ್ಯೂಟರ್ ಹೇಳುತ್ತಂತೆ, ನಿಜಾನಾ? ನಮ್ಮ ಹಸುವಿನ ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ನಿಜ, ಹೇಳುತ್ತದೆ. ಆದರೆ ನೀವು ಕಳಿಸಿದ ಫೋಟೋ ನೋಡಿ ಹೇಳುವುದಿಲ್ಲ.

ಹರಿಹರದಿಂದ ಹಿರಿಯೂರಿನವರೆಗೆ ಎಲ್ಲರೂ ಒಂದೇ ಥರ ಫೋಟೋ ಕಳಿಸುತ್ತೀರಿ. ಹಸು ಪಕ್ಕಕ್ಕೆ ನಿಂತಿರುತ್ತದೆ, ಹಣೆಗೆ ಕುಂಕುಮ, ಫೋಟೋ ತುಂಬಾ ಹೊಟ್ಟೆ. ಕೆಳಗೆ ಒಂದು ಸಾಲು: ‘ಹೊಟ್ಟೆ ನೋಡಿ ಸಾರ್, ಮೈ ತುಂಬೈತೆ ಅಲ್ವಾ?’ ಅಲ್ಲ ಸ್ವಾಮಿ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಹೊಟ್ಟೆಯೊಳಗೆ ಇರುವುದು ಮೇವು ಮತ್ತು ನೀರು. ದೊಡ್ಡ ಹಸುವಿನ ಮೆಲುಕು ಹೊಟ್ಟೆ ನೂರು ಲೀಟರ್‌ಗಿಂತ ಜಾಸ್ತಿ ಹಿಡಿಯುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಫೋಟೋ ತೆಗೆಯಿರಿ, ಮೇವು ನೀರು ಆದ ಮೇಲೆ ಇನ್ನೊಂದು. ಒಂದೇ ಹಸು, ಒಂದೇ ದಿನ. ನಡುವೆ ಅದಕ್ಕೆ ಒಂದು ಚಮಚ ಕೊಬ್ಬೂ ಬಂದಿಲ್ಲ. ಇನ್ನೂ ತಮಾಷೆ ಏನೆಂದರೆ, ಒಣ ಸಪ್ಪೆ ಬೇಗ ಕರಗುವುದಿಲ್ಲ, ಒಳಗೇ ಜಾಸ್ತಿ ಹೊತ್ತು ಉಳಿಯುತ್ತದೆ. ಹಿಂಡಿ ಇಲ್ಲ, ಹಸಿಮೇವಿಲ್ಲ, ಬರೀ ಮೆಕ್ಕೆಜೋಳದ ಒಣ ಸಪ್ಪೆ ತಿಂದುಕೊಂಡಿರುವ ಹಸುವಿಗೆ ಡೊಳ್ಳು ಹೊಟ್ಟೆ ಬರುತ್ತದೆ, ಬೆನ್ನ ಮೇಲೆ ಮೂಳೆ ಎಣಿಸಬಹುದು. ಜಗಳೂರು ಕಡೆಯವರೊಬ್ಬರು ಹೆಮ್ಮೆಯಿಂದ ತೋರಿಸಿದ ಹಸು ಹೀಗೇ ಇತ್ತು. ಗಬ್ಬದ ಹಸುವಿನ ಹೊಟ್ಟೆಯಲ್ಲಿ ಕರು ಇದೆ, ಜಂತುಹುಳ ಆದ ಕರುವಿಗೂ ಡೊಳ್ಳು ಹೊಟ್ಟೆ ಇದೆ. ಅದನ್ನೂ ಮೈ ತುಂಬಿದೆ ಅನ್ನುತ್ತೀರಾ?

ನೋಡಬೇಕಾದ್ದು ಹಿಂಭಾಗ. ಸೊಂಟದ ಮೂಳೆ, ಪಿರ್ರೆ ಮೂಳೆ, ಬಾಲದ ಬುಡದ ಎರಡೂ ಪಕ್ಕದ ಗುಳಿ, ಬೆನ್ನಿನ ಅಂಚಿನ ಗಿಡ್ಡ ಎಲುಬು. ಚರ್ಮದ ಕೆಳಗಿನ ಕೊಬ್ಬು ಕರಗಿದರೆ ಮೊದಲು ಗೊತ್ತಾಗುವುದು ಇಲ್ಲೇ. ಇವನ್ನು ನೋಡಿ ಮೈಗೆ ಕೊಡುವ ಅಂಕ 1ರಿಂದ 5. ಒಂದು ಅಂದರೆ ಎಲುಬಿನ ಗೂಡು, ಐದು ಅಂದರೆ ಕೊಬ್ಬಿದ್ದು. ನಡುವೆ ಕಾಲು ಕಾಲು ಅಂಕದ ಮೆಟ್ಟಿಲು. ಸೊಂಟದ ಮೂಳೆಯಿಂದ ಪಿರ್ರೆ ಮೂಳೆಗೆ ಹೋಗುವ ಗೆರೆ ಇಂಗ್ಲಿಷಿನ ‘ವಿ’ ಥರ ಚೂಪಾಗಿ ಇಳಿದರೆ 3 ಅಥವಾ ಅದಕ್ಕಿಂತ ಕಡಿಮೆ, ‘ಯು’ ಥರ ದುಂಡಗಿದ್ದರೆ 3.25 ಅಥವಾ ಮೇಲೆ. ಕರು ಹಾಕುವಾಗ 3ರಿಂದ 3.5 ಇದ್ದರೆ ಚೆನ್ನ. ಕರು ಹಾಕಿದ ಮೇಲೆ ಅರ್ಧ ಅಂಕ ಇಳಿಯುವುದು ಸಾಮಾನ್ಯ. ಒಂದು ಅಂಕ ಇಳಿದರೆ ಬೆದೆ ತಡ, ಗಬ್ಬ ಕಟ್ಟುವುದು ಕಷ್ಟ. ಹಾಗಂತ ತಿನ್ನಿಸಿ 4 ದಾಟಿಸಬೇಡಿ. ಅಂಥ ಹಸು ಕರು ಹಾಕಿದ ಮೇಲೆ ಮೇವು ಕಮ್ಮಿ ತಿನ್ನುತ್ತದೆ, ಮೈಕೊಬ್ಬು ಒಮ್ಮೆಲೇ ಕರಗಿ ಲಿವರ್ ಮೇಲೆ ಬೀಳುತ್ತದೆ, ಕೀಟೋಸಿಸ್ ಎಂಬ ಕಾಯಿಲೆ ಬರುತ್ತದೆ.

ದೊಡ್ಡ ಫಾರಂಗಳಲ್ಲಿ ಹಸು ಹಾಲು ಕೊಟ್ಟು ಹೊರಗೆ ಬರುವ ದಾರಿಯಲ್ಲಿ, ಬೆನ್ನು ಕಾಣುವ ಹಾಗೆ ಎತ್ತರದಲ್ಲಿ, ಡೆಪ್ತ್ ಕ್ಯಾಮೆರಾ ಇರುತ್ತದೆ. ಸ್ವೀಡನ್ನಿನ ಡಿಲಾವಲ್ ಕಂಪನಿ ಇಂಥದ್ದನ್ನು ಮಾರುತ್ತದೆ. ಇದು ಬಣ್ಣ ನೋಡುವುದಿಲ್ಲ, ದೂರ ಅಳೆಯುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಬೆನ್ನಿನ ಒಂದೊಂದು ಚುಕ್ಕೆಯೂ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಉಬ್ಬು, ತಗ್ಗು, ಗುಳಿ ಎಲ್ಲ ನಕ್ಷೆಯಂತೆ ಸಿಗುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹಸುವಿನ ಕಪ್ಪು ಬಿಳಿ ಮಚ್ಚೆ ಮಾಮೂಲಿ ಫೋಟೋದಲ್ಲಿ ನೆರಳಿನ ಹಾಗೆ ಕಂಡು ಕಂಪ್ಯೂಟರನ್ನು ಗೊಂದಲ ಮಾಡುತ್ತದಲ್ಲ, ಇಲ್ಲಿ ಆ ಕಾಟ ಕಡಿಮೆ. ಆದರೆ ನೇರ ಬಿಸಿಲು ಬಿದ್ದರೆ ಇದೂ ತಡವರಿಸುತ್ತದೆ. ನಮ್ಮ ಚಳ್ಳಕೆರೆ ಬಿಸಿಲು ಗೊತ್ತಲ್ಲ.

ಕಂಪ್ಯೂಟರಿಗೆ ಅಂಕ ಹಾಕುವುದನ್ನು ಕಲಿಸಿದ್ದು ಮನುಷ್ಯರೇ. ಇಬ್ಬರು ನುರಿತವರು ಒಂದೇ ಹಸುವಿಗೆ ಕಾಲು ಅಂಕ ಆಚೆ ಈಚೆ ಹೇಳುತ್ತಾರೆ, ಕಂಪ್ಯೂಟರೂ ಅಷ್ಟೇ. ತೀರಾ ಬಡಕಲು, ತೀರಾ ಕೊಬ್ಬಿದ ಹಸುಗಳ ಫೋಟೋ ಕಲಿಯುವಾಗ ಕಮ್ಮಿ ಸಿಕ್ಕಿರುತ್ತವೆ, ಅಲ್ಲಿ ಜಾಸ್ತಿ ಎಡವುತ್ತದೆ.

ನಾಲ್ಕು ಹಸು ಇರುವ ಕೊಟ್ಟಿಗೆಗೆ ಅಷ್ಟೆಲ್ಲ ಬೇಡ. ಸಮನಾದ ನೆಲದಲ್ಲಿ ನಿಲ್ಲಿಸಿ, ನೆರಳಲ್ಲಿ, ಹಿಂದಿನಿಂದ ಒಂದು ಫೋಟೋ ತೆಗೆಯಿರಿ. ಪಕ್ಕದಿಂದ ತೆಗೆದರೆ ಸೊಂಟದಿಂದ ಹಿಂದಕ್ಕೆ ಮಾತ್ರ. ಹದಿನೈದು ದಿನಕ್ಕೊಮ್ಮೆ ಅದೇ ಜಾಗ, ಅದೇ ದೂರ. ಒಂದು ಫೋಟೋಗಿಂತ ಆರು ಫೋಟೋ ಸಾಲಾಗಿ ಇಟ್ಟು ನೋಡುವುದು ಮೇಲು. ಜೊತೆಗೆ ಕೈಯಿಂದ ಗಿಡ್ಡ ಎಲುಬು ಮುಟ್ಟಿ ನೋಡಿ, ಅದಕ್ಕೆ ಆ್ಯಪ್ ಬೇಕಾಗಿಲ್ಲ.

ಅಮೃತಮಹಲ್ ಅಥವಾ ಹಳ್ಳಿಕಾರ್ ಇದ್ದವರು ಇನ್ನೊಂದು ಕೇಳಬೇಕಿತ್ತು, ಯಾಕೋ ಯಾರೂ ಕೇಳಲಿಲ್ಲ. ಮೇಲೆ ಹೇಳಿದ ಅಂಕಗಳು ಹುಟ್ಟಿದ್ದು ಎಚ್‌ಎಫ್ ಹಸುಗಳ ಮೇಲೆ. ಹಿಣಿಲು, ಅಂದರೆ ಹೆಗಲ ಮೇಲೆ ಡುಬ್ಬ, ಇರುವ ನಾಡತಳಿಯ ಮೈಕಟ್ಟೇ ಬೇರೆ. 1986ರಲ್ಲಿ ಇಥಿಯೋಪಿಯಾದಲ್ಲಿ ಹಿಣಿಲಿನ ದನಗಳಿಗೇ ಅಂತ 1ರಿಂದ 9ರ ಅಳತೆ ಮಾಡಿದರು. ಎಚ್‌ಎಫ್ ನೋಡಿ ಕಲಿತ ಕಂಪ್ಯೂಟರಿಗೆ ಅಮೃತಮಹಲ್ ತೋರಿಸಿದರೆ, ಗಟ್ಟಿಮುಟ್ಟಾದ ಹಸುವನ್ನೂ ಬಡಕಲು ಎಂದುಬಿಡಬಹುದು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನ ಸಾಕುವ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ದನ ಮೇಯುತ್ತಿದ್ದ ಚಳ್ಳಕೆರೆ ಕುದಾಪುರದ ಕಾವಲಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಕಂಪ್ಯೂಟರಿಗೆ ಇವುಗಳ ಮೈ ಓದುವುದನ್ನು ಕಲಿಸಲು ಅಲ್ಲಿಗಿಂತ ಒಳ್ಳೆ ಜಾಗ ಬೇಕಾ?

ಹಾಂ, ಹಿಂದೆ ನಿಂತು ಫೋಟೋ ತೆಗೆಯಿರಿ ಎಂದಿದ್ದು ಮಿಶ್ರತಳಿ ಹಸುವಿಗೆ. ಅಮೃತಮಹಲ್ ಸಿಟ್ಟಿನ ದನ, ದೂರ ನಿಂತು ಜೂಮ್ ಮಾಡಿ.