ಯರಗೋಳ್ ನೀರಿನ ಜಗಳಕ್ಕೆ ಕ್ಯಾಂಪ್ ಡೇವಿಡ್ ದಾರಿ

ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟಿನಲ್ಲಿ ನಿಲ್ಲುವುದು ಸುಮಾರು ಅರ್ಧ ಟಿಎಂಸಿ ನೀರು. ಕೋಲಾರ, ಮಾಲೂರು, ಬಂಗಾರಪೇಟೆ ಜನ ಕುಡಿಯೋಕೆ. ಇಷ್ಟು ನೀರಿಗೇ ಕರ್ನಾಟಕ, ತಮಿಳುನಾಡು ಎರಡೂ ಸುಪ್ರೀಂ ಕೋರ್ಟಿನಲ್ಲಿ ನಿಂತವು.

ಜಗಳದ ಬೇರು ಮೈಸೂರು ಮತ್ತು ಮದ್ರಾಸ್ ನಡುವಿನ 1892ರ ಒಪ್ಪಂದದಲ್ಲಿದೆ. ಪಟ್ಟಿಯಲ್ಲಿರುವ ನದಿಗಳಿಗೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಹೊಸ ಜಲಾಶಯ ಕಟ್ಟುವುದಿಲ್ಲ ಅಂತ ಮೈಸೂರು ಆಗ ಒಪ್ಪಿತ್ತು. ತಮಿಳುನಾಡು ಇವತ್ತಿಗೂ ಅದನ್ನೇ ಮುಂದಿಡುತ್ತದೆ. ಅಣೆಕಟ್ಟು ಇರುವ ಮಾರ್ಕಂಡೇಯ ನದಿ ದಕ್ಷಿಣ ಪಿನಾಕಿನಿಯ ಉಪನದಿ, ಅದನ್ನು ತಡೆದರೆ ಕೃಷ್ಣಗಿರಿ ಕಡೆಯ ರೈತರಿಗೆ ನೀರು ಬರಲ್ಲ ಎನ್ನುವುದು ಅವರ ವಾದ. ಇದು ಕುಡಿಯುವ ನೀರು ಎನ್ನುವುದು ನಮ್ಮವರ ವಾದ. 2018ರಲ್ಲಿ ತಮಿಳುನಾಡು ದಾವೆ ಹೂಡಿತು. 2019ರ ನವೆಂಬರ್‌ನಲ್ಲಿ ಅದರ ಮಧ್ಯಂತರ ಅರ್ಜಿ ವಜಾ ಆಯಿತು. 2020ರಲ್ಲಿ ಕೇಂದ್ರ ಸಂಧಾನ ಸಮಿತಿ ಮಾಡಿತು. ಮಾತು ಕುದುರಲಿಲ್ಲ.

ಮಾತುಕತೆ ಯಾಕೆ ಕುದುರಲ್ಲ? 1978ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ ಸಂಧಾನ ನೋಡಿದರೆ ತಿಳಿಯುತ್ತದೆ. 1967ರ ಯುದ್ಧದಲ್ಲಿ ಇಸ್ರೇಲ್ ಗೆದ್ದಿದ್ದ ತನ್ನ ಸಿನಾಯ್ ಪ್ರದೇಶ ಪೂರ್ತಿ ವಾಪಸ್ ಬೇಕು ಅಂತ ಈಜಿಪ್ಟ್. ಪೂರ್ತಿ ಕೊಡಲ್ಲ ಅಂತ ಇಸ್ರೇಲ್. ಈಜಿಪ್ಟ್ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲ್ ಪ್ರಧಾನಿ ಬೆಗಿನ್ ಎದುರುಬದುರು ಕೂತರೆ ಜಗಳವೇ ಜಾಸ್ತಿ. ಹಾಗಾಗಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಬ್ಬರನ್ನೂ ಬೇರೆ ಬೇರೆ ಇರಿಸಿದರು. ಅಮೆರಿಕದವರೇ ಒಂದು ಕರಡು ಬರೆದು ಇಬ್ಬರಿಗೂ ತೋರಿಸಿದರು. ಇದಕ್ಕೆ ಒಪ್ಪಿ ಅನ್ನಲಿಲ್ಲ, ತಪ್ಪೇನಿದೆ ಹೇಳಿ ಅಂದರು. ತಿದ್ದಿ ಮತ್ತೆ ತಂದರು. ಹೀಗೆ 13 ದಿನ. ಕೊನೆಗೆ ನೆಲ ಈಜಿಪ್ಟ್‌ಗೆ ಹೋಯಿತು, ಆದರೆ ಗಡಿ ಹತ್ತಿರ ಅದರ ಟ್ಯಾಂಕ್ ಪಡೆ ಇರುವಂತಿಲ್ಲ. ಒಬ್ಬರಿಗೆ ನೆಲ ಮುಖ್ಯ, ಇನ್ನೊಬ್ಬರಿಗೆ ಭದ್ರತೆ. ಎರಡೂ ಸಿಕ್ಕಿತು. ಪ್ಯಾಲೆಸ್ತೀನಿಯರ ಪ್ರಶ್ನೆ ಮಾತ್ರ ಹಾಗೇ ಉಳಿಯಿತು, ಅದನ್ನೂ ಮರೆಯಬಾರದು.

ಯರಗೋಳ್ ವಿಷಯದಲ್ಲಿ ನಾವಿನ್ನೂ 'ಕಟ್ಟಬೇಕು, ಕಟ್ಟಬಾರದು' ಅನ್ನುವಲ್ಲೇ ನಿಂತುಬಿಟ್ಟೆವು. ಅಣೆಕಟ್ಟೇನೋ ಎದ್ದು ನಿಂತಿದೆ, ಜಗಳ ನಿಂತಿಲ್ಲ. ಕೆಳಗಿನ ರೈತನಿಗೆ ಯಾವ ತಿಂಗಳು ಎಷ್ಟು ನೀರು ಬೇಕು? ಮಾಲೂರಿನ ನಲ್ಲಿಗೆ ಬೇಸಿಗೆಯಲ್ಲಿ ಎಷ್ಟು ಸಾಕು? ಇನ್ನೂ ಒಂದಿದೆ. ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರು ಹತ್ತಿರದ ಕೆಲವರಪಲ್ಲಿ ಜಲಾಶಯದಿಂದ ನೊರೆ ಉಕ್ಕುತ್ತದೆ. ತಮಿಳುನಾಡಿಗೆ ನೀರಿನ ಪ್ರಮಾಣದಷ್ಟೇ ಅದರ ಶುದ್ಧತೆಯೂ ಮುಖ್ಯ ಅಲ್ವಾ? ಆ ಕೊಳಚೆ ಶುದ್ಧ ಮಾಡುವುದು ನಮ್ಮ ಕೈಯಲ್ಲೇ ಇದೆ. ಕರ್ನಾಟಕ ಅದನ್ನು ತಾನಾಗಿಯೇ ಮೇಜಿನ ಮೇಲಿಟ್ಟರೆ, ಯರಗೋಳ್‌ನ ಅರ್ಧ ಟಿಎಂಸಿ ಬಗ್ಗೆ ಆ ಕಡೆಯವರೂ ಕೂತು ಕೇಳಬಹುದು.