ಗ್ರೀನ್ ಟೀ ಗಿಡಾ ಬ್ಯಾರೆ, ಕಡಕ್ ಚಾ ಗಿಡಾ ಬ್ಯಾರೆ ಏನ್ರಿ?

ನಾನು ಚಹಾದ ಬಗ್ಗೆ ಬರೆದಾಗಲೆಲ್ಲ ಕಲಬುರಗಿಯ ಓದುಗರು ಈ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಒಂದೇ, ಅದಕ್ಕೆ ಉತ್ತರ ಎರಡು.

ಹಸಿರು, ಕಪ್ಪು ಅನ್ನುವುದು ಎಲೆ ಕಿತ್ತ ಮೇಲಿನ ಮಾತು. ಕಿತ್ತ ಎಲೆಯನ್ನು ತಡಮಾಡದೆ ಹಬೆಗೋ ಬಿಸಿ ಬಾಣಲೆಗೋ ಹಾಕಿದರೆ ಒಳಗಿನ ಕಿಣ್ವ ಕೆಲಸ ನಿಲ್ಲಿಸುತ್ತದೆ, ಹಸಿರು ಉಳಿಯುತ್ತದೆ. ಬಾಡಿಸಿ, ಅರೆದು, ಗಾಳಿಗೆ ಬಿಟ್ಟರೆ ಕಪ್ಪು ಚಹಾ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ಬಗೆಯ ಕಿಣ್ವ. ಒಂದೇ ಗಿಡದಿಂದ ಎರಡನ್ನೂ ಮಾಡಬಹುದು.

ಆದರೆ ‘ಕಡಕ್’ ಅನ್ನುವ ಗುಣ ಗಿಡದಲ್ಲೇ ಇದೆ. ಚಹಾ ಗಿಡದ ಪ್ರಭೇದ ಒಂದೇ, ಕ್ಯಾಮೆಲಿಯಾ ಸೈನೆನ್ಸಿಸ್. ಅದರಲ್ಲಿ ಎರಡು ದೊಡ್ಡ ಬಗೆಗಳು. ಚೀನಾ ಬಗೆಯದು ಸಣ್ಣ ಎಲೆಯ ಪೊದೆ, ಚಳಿ ತಡೆಯುತ್ತದೆ. ಡಾರ್ಜಿಲಿಂಗ್‌ನ ಹಳೆಯ ತೋಟಗಳಲ್ಲಿ ಹೆಚ್ಚಾಗಿ ಇದೇ ಇದೆ. ಅಸ್ಸಾಂ ಬಗೆಯದು ಅಗಲ ಎಲೆ, ಕತ್ತರಿಸದೆ ಬಿಟ್ಟರೆ ಮರವಾಗುತ್ತದೆ. ಇದರ ಚಿಗುರಿನಲ್ಲಿ ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಸಾಮಾನ್ಯವಾಗಿ ಹೆಚ್ಚು. ಕಿಣ್ವ ಇವನ್ನೇ ಥಿಯಾಫ್ಲೇವಿನ್, ಥಿಯಾರುಬಿಜಿನ್ ಆಗಿ ಬದಲಿಸುತ್ತದೆ; ನಮ್ಮ ಚಹಾದ ಕೆಂಪು, ಚುರುಕು, ಗಂಟಲು ಹಿಡಿಯುವ ಒಗರು ಎಲ್ಲ ಅಲ್ಲಿಂದಲೇ. ಹಾಲಿನ ಕೇಸೀನ್ ಎಂಬ ಪ್ರೋಟೀನ್ ಈ ಒಗರನ್ನು ಹಿಡಿದು ಮೆತ್ತಗೆ ಮಾಡುತ್ತದೆ. ಅಷ್ಟಾದ ಮೇಲೂ ರುಚಿ ಉಳಿಯಬೇಕೆಂದರೆ ಒಗರು ಮೊದಲೇ ಧಾರಾಳ ಇರಬೇಕು. ಅರ್ಧ ಹಾಲು ಸುರಿಯುವ ನಮಗೆ ಅಸ್ಸಾಂ ಬಗೆ ಒಗ್ಗಿದ್ದು ಅದಕ್ಕೇ.

ಚೀನಾ ಬಗೆಯ ಸೊಗಸು ಬೇರೆ. ಒಗರು ಕಡಿಮೆ ಇರುವುದರಿಂದ ಥಿಯಾನಿನ್ ಎಂಬ ಅಮೈನೋ ಆಮ್ಲದ ಸವಿ ನಾಲಿಗೆಗೆ ಸಿಗುತ್ತದೆ. ತೊಗರಿ ಬ್ಯಾಳಿ ಕಟ್ಟು ಬರೀ ಉಪ್ಪು ಹಾಕಿ ಕುಡಿದವರಿಗೆ ಆ ಸವಿ ಅಂದಾಜಾದೀತು. ಪರಿಮಳದಲ್ಲಿ ಗುಲಾಬಿಯಲ್ಲಿರುವ ಜೆರಾನಿಯೋಲ್ ಮುಂದಾಗಿರುತ್ತದೆ. ಅಸ್ಸಾಂ ಬಗೆಯಲ್ಲಿ ಲಿನಲೂಲ್ ಎಂಬ ಇನ್ನೊಂದು ಪರಿಮಳದ ಅಂಶ ಹೆಚ್ಚು. ಚೀನಾ ಬಗೆಯ ಚಹಾಕ್ಕೆ ಹಾಲು ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಈ ಅಂತರ ಎಷ್ಟು ಹಳೆಯದು? ಅಸ್ಸಾಂ ಬಗೆಯ ಜೀನೋಮ್, ಅಂದರೆ ಗಿಡದ ಇಡೀ ಡಿಎನ್ಎ ಬರಹ, 2017ರಲ್ಲಿ, ಚೀನಾ ಬಗೆಯದು 2018ರಲ್ಲಿ ಪ್ರಕಟವಾಯಿತು. ಎರಡೂ ಕವಲೊಡೆದು ಸುಮಾರು 3.8 ಲಕ್ಷದಿಂದ 15.4 ಲಕ್ಷ ವರ್ಷ ಆಗಿರಬೇಕೆಂದು 2018ರ ಲೆಕ್ಕ. ಅಂದರೆ ಮನುಷ್ಯ ಬೇಸಾಯ ಕಲಿಯುವ ಎಷ್ಟೋ ಮೊದಲು. ಚಹಾದ ಜೀನೋಮ್ ಸುಮಾರು 300 ಕೋಟಿ ಅಕ್ಷರದ್ದು, ಹೆಚ್ಚುಕಡಿಮೆ ಮನುಷ್ಯನದರಷ್ಟೇ. ನಮ್ಮ ತೊಗರಿಯದು 83 ಕೋಟಿ.

ತೊಗರಿ ಬೆಳೆಯುವವರಿಗೆ ಇನ್ನೊಂದು ಸಂಗತಿ ಬೇಗ ತಿಳಿಯುತ್ತದೆ. ಜೇನು ಕೂತು ಪಕ್ಕದ ಹೊಲದ ಪರಾಗ ಸೇರಿದರೆ ಮನೆಯ ಬೀಜ ಕೆಲವು ವರ್ಷಕ್ಕೆ ಬೆರಕೆಯಾಗುತ್ತದೆ, ನೆಟೆ ರೋಗ ತಡೆಯುವ ಗುಣವೂ ಸಡಿಲಾಗುತ್ತದೆ. ಚಹಾದಲ್ಲಿ ಇದು ಇನ್ನೂ ಜೋರು. ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದು ಅಪರೂಪ. ಹಾಗಾಗಿ ಬೀಜದಿಂದ ಎದ್ದ ಒಂದೊಂದು ಗಿಡವೂ ಒಂದೊಂದು ತರಹ, ಎರಡು ಬಗೆಯ ನಡುವಿನ ಬೆರಕೆಗಳಂತೂ ಲೆಕ್ಕವಿಲ್ಲ. ಒಳ್ಳೆಯ ಗಿಡ ಸಿಕ್ಕರೆ ಅದರ ಕಡ್ಡಿ ಕತ್ತರಿಸಿ ಬೇರು ಬರಿಸಿ, ಇಡೀ ತೋಟವನ್ನೇ ಒಂದು ಗಿಡದ ನಕಲುಗಳಿಂದ ತುಂಬುತ್ತಾರೆ.

ಇಷ್ಟೆಲ್ಲ ಓದಿ ಡಾರ್ಜಿಲಿಂಗ್ ತರಿಸುವವರಿಗೆ ಒಂದು ಮಾತು. ಶಹಾಬಾದ್ ಫರ್ಸಿಯ, ಅಂದರೆ ಸುಣ್ಣಕಲ್ಲಿನ, ನಮ್ಮ ಸೀಮೆಯ ಬೋರ್ ನೀರು ಗಡಸು. ಅದರ ಸುಣ್ಣದ ಅಂಶ ಚಹಾದ ಒಗರಿನೊಡನೆ ಕೂಡಿ ಮೇಲೆ ತೆಳು ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಪುಡಿಯಲ್ಲಿ ಕಲಬೆರಕೆ ಅಂತ ಅಂಗಡಿಯವರ ಮೇಲೆ ಹರಿಹಾಯುವ ಮೊದಲು, ಒಂದು ಲೋಟ ಬೋರ್ ನೀರಲ್ಲಿ, ಒಂದು ಲೋಟ ಆರ್‌ಒ ಫಿಲ್ಟರ್ ನೀರಲ್ಲಿ ಅದೇ ಪುಡಿ ಕುದಿಸಿ, ಹಾಲು ಹಾಕದೆ ಪಕ್ಕಪಕ್ಕ ಇಟ್ಟು ನೋಡಿ.